ಹದ

ಹೆಬ್ಬಾಳದ ತರಬೇತಿ ಕೇಂದ್ರದಲ್ಲಿ ನನ್ನ ಕೆಲಸ
ಮಳೆಯ ಬಗ್ಗೆ ಮಾತಾಡುವುದು.
ಮೂರು ದಿನ, ಮೂವತ್ತು ಜನ,
ತಲೆಗೊಂದು ಚೀಲ, ಒಂದು ಪೆನ್ನು,
ಹೋಗಿಬರುವ ಬಸ್ ಚಾರ್ಜು.

ಈ ಸಲ ಚಳ್ಳಕೆರೆ ಕಡೆಯವರು.
ರಾತ್ರಿ ಬಸ್ಸಿನ ನಿದ್ದೆ ಇನ್ನೂ ಕಣ್ಣಲ್ಲೇ ಇತ್ತು.
ಫ್ಯಾನಿನ ಕೆಳಗಿನ ಕುರ್ಚಿ ಬಿಟ್ಟು
ಕಿಟಕಿ ಪಕ್ಕ ಹೋಗಿ ಕೂತವಳು ಪಾಲಮ್ಮ.

ಪರದೆಯ ಮೇಲೆ ಬಾಣದ ಗುರುತು ಓಡಿಸಿ
'ತೇವಾಂಶ ಸಂರಕ್ಷಣೆ' ಅಂದೆ.
ಹಿಂದಿನ ಸಾಲಲ್ಲಿ ಯಾರೋ ಪಕ್ಕದವನಿಗೆ
'ಹದ ಹಿಡಿಯೋದು' ಅಂದರು, ಪಿಸುದನಿಯಲ್ಲಿ.
ಕನ್ನಡದಿಂದ ಕನ್ನಡಕ್ಕೆ.
ಕೇಳಿಸದವನಂತೆ ಮುಂದಿನ ಚಿತ್ರ ಒತ್ತಿದೆ.

ಆಮೇಲೆ ಮಳೆಮಾಪಕ.
ಮೇಜಿನ ಮೇಲಿಟ್ಟು, ಜಗ್ಗಿನಿಂದ ನೀರು ಸುರಿದು
ಗೆರೆ ಓದುವುದು ಕಲಿಸಿದೆ:
ಇಲ್ಲಿಗೆ ಬಂದರೆ ಹತ್ತು ಮಿಲಿಮೀಟರು, ಇಲ್ಲಿಗೆ ಇಪ್ಪತ್ತು.
ಪಾಲಮ್ಮ ಎದ್ದು ಬಂದಳು. ತೋರುಬೆರಳು ನೆಟ್ಟಗೆ ಹಿಡಿದಳು.
'ಮೊದಲ ಗೆಣ್ಣಿನ ತಂಕ ಒದ್ದೆಯಾದ್ರೆ ಧೂಳು ಅಡಗ್ತು, ಅಷ್ಟೇ.
ನಡುಗೆಣ್ಣು ಮುಟ್ಟಿದ್ರೆ ಕುಂಟೆ ಕಟ್ಟಬೌದು.
ಬುಡ ಮುಟ್ಟಿದ್ರೆ ಶೇಂಗಾ ಬಿತ್ತಾದೇ.
ಇವು ಮೂರೂ ನಿಮ್ಮ ಗಾಜಿನಾಗೆ ಎಲ್ಲೆಲ್ಲಿ ಬತ್ತವೆ ಸಾರ್?'
ಅದು ಆಯಾ ಮಣ್ಣಿನ ಮೇಲೆ ಹೋಗುತ್ತಮ್ಮಾ, ಅಂದೆ.
'ನಾನೂ ಅದನ್ನೇ ಹೇಳಿದ್ದು.'

ಎಲ್ಲರೂ ನಕ್ಕರು. ಅವಳು ನಗಲಿಲ್ಲ.
ಮಾಪಕ ಕೆಳಗಿಡಲೂ ಇಲ್ಲ.
ವಿಮೆಯವರ ಮಳೆ ಬೀಳುವುದು
ಹೋಬಳಿ ಕಚೇರಿಯ ತಾರಸಿಗೆ.
ಅಲ್ಲಿಂದ ಅವಳ ಹೊಲಕ್ಕೆ ಏಳು ಮೈಲಿ.
ಹೋದ ವರ್ಷ ಅಲ್ಲಿ ಸುರಿಯಿತು, ಇಲ್ಲಿ ಬರೀ ಗುಡುಗಿತು.
'ನನ್ನ ಬೆರಳು ಅವರು ನಂಬಂಗಿಲ್ಲ.
ಇದನ್ನ ಹೊಲದಾಗೆ ನಿಲ್ಸಿ, ದಿನಾ ಬರಕಂಡು ಹೋದ್ರೆ
ನಂಬ್ತಾರಾ?'

ನನಗೆ ಉತ್ತರ ಗೊತ್ತಿತ್ತು.
ಟೀ ಬಂತು, ಕುಡಿದು ಬನ್ನಿ, ಅಂದೆ.

ಎರಡನೇ ರಾತ್ರಿ ಮಳೆ ಹಿಡಿಯಿತು.
ಹಾಸ್ಟೆಲಿನ ಮೂವತ್ತೂ ಬಾಗಿಲು ತೆರೆದವು.
'ಆರಿದ್ರೆ, ಎರಡನೇ ಪಾದ' ಅಂದ ಓಬಳೇಶಪ್ಪ,
ಗಡಿಯಾರ ನೋಡಿ ಹೇಳಿದವನಂತೆ.
ಒಬ್ಬೊಬ್ಬರೂ ಮೊಬೈಲು ಕಿವಿಗಿಟ್ಟು ಊರಿಗೆ ಕೂಗಿದರು:
ಅಲ್ಲಿ ಹನಿ ಬಿತ್ತಾ?
ಆ ಕಡೆಯಿಂದ ಏನು ಬಂತೋ.
ಫೋನು ಜೇಬಿಗಿಳಿಸಿ, ಮಾತಿಲ್ಲದೆ
ಬೇರೆಯವರ ಮಳೆ ನೋಡುತ್ತ ನಿಂತರು.

ಬೆಳಿಗ್ಗೆ ಮಾಪಕದಲ್ಲಿ ನಲವತ್ತೆರಡು.
ಮೇಲ್ಸೇತುವೆಯ ಕೆಳಗೆ ಆಟೋ ಒಂದು ಅರ್ಧ ಮುಳುಗಿತ್ತು,
ಬೈಕುಗಳನ್ನು ಕರುಗಳಂತೆ ತಳ್ಳುತ್ತಿದ್ದರು.
ಕಾಂಪೌಂಡಿಗೆ ಆತುಕೊಂಡು ಪಾಲಮ್ಮ:
'ಇಷ್ಟು ನೀರಿಗೆ ಒಂದು ಬದುನೂ ಹಾಕಿಲ್ವಾ ಈ ಊರೋರು?'

ಆಮೇಲೆ ಅವಳು ಬೆರಳು ಇಳಿಸಲು
ಮಣ್ಣು ಹುಡುಕಿದಳು.
ಅಂಗಳಕ್ಕೆ ಸಿಮೆಂಟು, ದಾರಿಗೆ ಟೈಲ್ಸು,
ಮರದ ಬುಡಕ್ಕೂ ಕಲ್ಲಿನ ಕಟ್ಟೆ.
ಪ್ರಾತ್ಯಕ್ಷಿಕೆ ತಾಕು ಬೀಗ ಹಾಕಿತ್ತು,
ಕೀಲಿಯವನು ನೀರಿನಲ್ಲಿ ಸಿಕ್ಕಿಕೊಂಡಿದ್ದ.
ಕೊನೆಗೆ ನನ್ನ ಕೋಣೆಯ ಮುಂದಿನ ಹೂಕುಂಡ.
ಬೆರಳು ಬುಡದವರೆಗೂ ಹೋಯಿತು.
ಹೊರಗೆ ತೆಗೆದು ಮೂಸಿ, ಮುಖ ಕಿವಿಚಿದಳು,
ಸೆರಗಿಗೆ ಒರೆಸಿಕೊಂಡಳು. ಏನೂ ಹೇಳಲಿಲ್ಲ.

ಕೊನೆಯ ದಿನ ಅಭಿಪ್ರಾಯದ ಹಾಳೆ.
ಅವಳು ಹೇಳಿದ್ದನ್ನು ನಾನೇ ಬರೆದೆ.
ಊಟ: ಸಪ್ಪೆ.
ತರಬೇತಿಯ ಉಪಯೋಗ: ಮಳೆಮಾಪಕ ಎಲ್ಲಿ ಸಿಗ್ತದೆ, ಎಷ್ಟಾಗ್ತದೆ?
ಇತರೆ ಸಲಹೆ:
'ಸಾರ್ ಕುಂಡಕ್ಕೆ ಕೆಳಗೆ ತೂತಿಲ್ಲ.
ಬೇರು ಕೊಳೀತೈತೆ.'

ಬಸ್ಸು ಯಲಹಂಕ ದಾಟಿರಬೇಕು ಆ ಹೊತ್ತಿಗೆ.
ನಾನು ಕುಂಡ ಮಗ್ಗುಲಾಗಿಸಿ ಮೊಳೆ ಹೊಡೆದೆ.
ಕಪ್ಪು ನೀರು, ನಾರುವ ನೀರು,
ನನ್ನ ಚಪ್ಪಲಿ ದಾಟಿ, ಮೆಟ್ಟಿಲಿಳಿದು ಹೋಯಿತು.
ಎಷ್ಟು ಮಿಲಿಮೀಟರೋ, ಅಳೆಯಲಿಲ್ಲ.
ತೋರುಬೆರಳು ಒಳಗಿಟ್ಟು ನೋಡಿದೆ.
ಯಾವ ಗೆಣ್ಣಿಗೆ ಏನು ಅಂದಿದ್ದಳು?
ಮೂರರಲ್ಲಿ ಎರಡು ನೆನಪಿತ್ತು.